ಗಿರಿಜಕ್ಕ ಪೇಪರಿನಲ್ಲಿ ಹುಡುಕಿದ ಹೆಸರು

ಕಳೆದ ತಿಂಗಳು ಕಾಪುವಿನಲ್ಲಿ ಒಂದು ಮದುವೆ ಊಟ ಮುಗಿಸಿ ಉಡುಪಿಯ ಬಸ್ಸಿಗೆ ನಿಂತಿದ್ದೆ. ಹಿಂದಿನ ಅಂಗಡಿಯ ಬಾಗಿಲಲ್ಲಿ ಯಾರೋ ಒದ್ದೆ ಗೋಣಿಚೀಲ ಬಿಚ್ಚಿದರು. ನೆನೆಸಿದ ಬೀಡಿ ಎಲೆಯ ವಾಸನೆ ಬಂತು. ಈಗ ಬೀಡಿ ಕಟ್ಟುವವರು ಕಡಿಮೆಯಾಗಿದ್ದಾರೆ, ಆ ವಾಸನೆ ಬರದೆ ಎಷ್ಟೋ ಕಾಲವಾಗಿತ್ತು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಆ ವಾಸನೆಗೆ ನನಗೆ ಮೊದಲು ನೆನಪಾಗುವುದು ಪೇಪರು. ಆಮೇಲೆ ಗಿರಿಜಕ್ಕನ ಬೆರಳು.

ಅದು ತುರ್ತು ಪರಿಸ್ಥಿತಿಯ ಕಾಲ. ನಾನು ಪಿಯುಸಿ ಮುಗಿಸಿ ಟೀಚರ್ ಟ್ರೈನಿಂಗಿನ ಸೀಟಿಗೆ ಕಾಯುತ್ತಾ ಮನೆಯಲ್ಲಿದ್ದೆ. ಅಪ್ಪ ಬೊಂಬಾಯಿಯಲ್ಲಿ ಹಡಗು ರಿಪೇರಿಯ ಕಾರ್ಖಾನೆಯಲ್ಲಿದ್ದರು. ಕಾಪು ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮಧ್ಯಾಹ್ನದ ಗಂಜಿಯಾದ ಮೇಲೆ ನಮ್ಮ ಜಗಲಿಯಲ್ಲಿ ಮೂವರು ಬಿದಿರ ಗೆರಸೆ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು: ಅಮ್ಮ, ಮೇಲಿನ ಮನೆಯ ಕಮಲಕ್ಕ, ಆಚೆ ಬೇಲಿಯ ಗಿರಿಜಕ್ಕ. ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಸುತ್ತುವುದು, ನೂಲು ಬಿಗಿಯುವುದು, ಬಾಯಿ ಮಡಚುವುದು. ನನ್ನನ್ನೂ ಕೂರಿಸಿ ನೋಡಿದರು. ನಾನು ಸುತ್ತಿದ ಬೀಡಿ ಬ್ರಾಂಚಿಗೆ ಹೋಗುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತು.

"ನಿನ್ನ ಬೀಡಿ ಯಾರೂ ಸೇದುವುದಿಲ್ಲ ಮಾರಾಯ್ತಿ. ನೀನು ಪೇಪರು ಓದು, ನಾವು ಕಟ್ಟುತ್ತೇವೆ" ಎಂದು ಕಮಲಕ್ಕ ನನಗೆ ಕೆಲಸ ಕೊಟ್ಟರು.

ಬ್ರಾಂಚ್ ಎಂದರೆ ಎಲೆ, ಪುಡಿ ಕೊಟ್ಟು, ಕಟ್ಟಿದ ಬೀಡಿಯನ್ನು ವಾಪಸು ತೆಗೆದುಕೊಳ್ಳುವ ಅಂಗಡಿ. ಅದನ್ನು ನಡೆಸುತ್ತಿದ್ದ ಅಬ್ಬಾಸ್ ಬ್ಯಾರಿಗಳು ಪೇಪರು ತರಿಸುತ್ತಿದ್ದರು. ಅಲ್ಲಿ ಎಲ್ಲರ ಕೈ ದಾಟಿ ಮಧ್ಯಾಹ್ನದ ಹೊತ್ತಿಗೆ ಅದು ಮೆತ್ತಗಾಗಿ ನಮ್ಮ ಜಗಲಿಗೆ ಬರುತ್ತಿತ್ತು. ನಾನು ಕನ್ನಡದಲ್ಲಿ ಓದಿ, ಗಟ್ಟಿ ಶಬ್ದಗಳನ್ನು ತುಳುವಿನಲ್ಲಿ ಹೇಳುತ್ತಿದ್ದೆ. ಅವರಿಗೆ ದಿಲ್ಲಿಯ ಸುದ್ದಿ ಅಷ್ಟಾಗಿ ಬೇಡ. ಮಲ್ಪೆಯಲ್ಲಿ ಬಂಗುಡೆ ಮೀನಿಗೆ ಎಷ್ಟು, ಯಾವ ಊರಲ್ಲಿ ಯಾರು ಬಾವಿಗೆ ಬಿದ್ದದ್ದು, ಕಾರ್ಕಳದ ಕೋರ್ಟಿನಲ್ಲಿ ಯಾರಿಗೆ ಶಿಕ್ಷೆಯಾದದ್ದು, ಎಲ್ಲಿ ಬಸ್ಸು ಮಗುಚಿದ್ದು. ಕಳ್ಳನ ಹೆಸರು, ಅವನ ಅಪ್ಪನ ಹೆಸರು, ಊರು ಎಲ್ಲ ಬರುತ್ತಿತ್ತು. ಕಮಲಕ್ಕನಿಗೆ ಎಲ್ಲ ಊರಿನಲ್ಲಿಯೂ ಯಾರಾದರೂ ಗುರ್ತದವರು ಇರುತ್ತಿದ್ದರು.

ಮಳೆ ಶುರುವಾದ ಹೊಸತರಲ್ಲಿ ಒಂದು ದಿನ ಪೇಪರಿನ ಒಳಪುಟದಲ್ಲಿ ಒಂದು ಕಾಲಮ್ಮು ಬೆಳ್ಳಗೆ ಖಾಲಿ ಇತ್ತು. ಮೇಲೆ ಕೆಳಗೆ ಗೆರೆ, ನಡುವೆ ಏನೂ ಇಲ್ಲ.

"ಮಸಿ ಮುಗಿದದ್ದಾ?" ಎಂದು ಕಮಲಕ್ಕ ಕೇಳಿದರು.

ನನಗೂ ಗೊತ್ತಿರಲಿಲ್ಲ. ಗಿರಿಜಕ್ಕ ಆ ಹಾಳೆಯನ್ನು ಮಡಚಿ ಮನೆಗೆ ಒಯ್ದರು. ಅವರ ಗಂಡ ಸಂಜೀವಣ್ಣ ಉಡುಪಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಮದುವೆ ಕಾಗದ, ಅಂಗಡಿಯ ರಶೀದಿ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲು ಇಂಥದೆಲ್ಲ ಅಚ್ಚು ಹಾಕುವ ಜಾಗ. ತೆಳ್ಳಗಿನ ಮನುಷ್ಯ. ಉಗುರಿನ ಸಂದಿನ ಮಸಿ ಯಾವತ್ತೂ ಹೋಗುತ್ತಿರಲಿಲ್ಲ. ಮಾತು ಕಡಿಮೆ. ಮನೆಗೆ ಬಂದ ಮೇಲೆ ಒಂದಕ್ಷರವನ್ನೂ ನೋಡುತ್ತಿರಲಿಲ್ಲ ಎಂದು ಗಿರಿಜಕ್ಕ ನಗುತ್ತಾ ಹೇಳುತ್ತಿದ್ದರು. ಗಿರಿಜಕ್ಕನಿಗೆ ಓದಲು ಬಾರದು. ಅವರ ಅತ್ತೆ ಅಪ್ಪಿಯಮ್ಮನಿಗೂ ಬಾರದು. ಮಕ್ಕಳಿರಲಿಲ್ಲ. ಮೂವರದ್ದೇ ಮನೆ.

ಮರುದಿನ ಗಿರಿಜಕ್ಕ ಬಂದು ಹೇಳಿದರು: "ಅಲ್ಲಿ ಬರೆದದ್ದನ್ನು ಸರ್ಕಾರದವರು ತೆಗೆಸಿದ್ದಂತೆ. ತೆಗೆಸಿದ್ದು ಜನರಿಗೆ ಗೊತ್ತಾಗಲಿ ಅಂತ ಪೇಪರಿನವರು ಖಾಲಿ ಬಿಟ್ಟದ್ದಂತೆ."

ಕೆಲವೇ ದಿನಗಳಲ್ಲಿ ಖಾಲಿ ಬಿಡುವುದೂ ನಿಂತಿತು. ಪೇಪರು ಮೊದಲಿನ ಹಾಗೆ ತುಂಬಿಕೊಂಡಿತು. ಪ್ರಧಾನಿಯವರ ಭಾಷಣ, ಇಪ್ಪತ್ತು ಅಂಶಗಳ ಕಾರ್ಯಕ್ರಮ, ರೈಲುಗಳು ಸಮಯಕ್ಕೆ ಸರಿಯಾಗಿ ಓಡುವುದು. ನಮ್ಮ ಕಡೆ ಆಗ ರೈಲೇ ಇರಲಿಲ್ಲ. ಆದರೂ ಓದಿದೆ. ಬ್ರಾಂಚಿನ ರೇಡಿಯೋದಲ್ಲಿಯೂ ಅದನ್ನೇ ಹೇಳುತ್ತಿದ್ದರು. ಬೀಡಿ ಕೊಡಲು ಹೋದವರು ಏನಾದರೂ ಕೇಳಿದರೆ ಅಬ್ಬಾಸ್ ಬ್ಯಾರಿಗಳು ರೇಡಿಯೋದ ಕಿವಿ ತಿರುಗಿಸಿ ದನಿ ಏರಿಸುತ್ತಿದ್ದರು. "ಕೇಳಿ, ಕೇಳಿ. ಕೇಳಿದ್ದಕ್ಕೆ ಯಾರೂ ಎಂತದೂ ಮಾಡುವುದಿಲ್ಲ. ಮಾತಾಡ್ಲಿಕ್ಕೆ ಹೋಗಬೇಡಿ."

ದೀಪಾವಳಿ ಕಳೆದು ಗದ್ದೆ ಕೊಯ್ಲು ನಡೆಯುತ್ತಿದ್ದಾಗ ಒಂದು ಸಂಜೆ ಸಂಜೀವಣ್ಣ ಮನೆಗೆ ಬರಲಿಲ್ಲ. ಕಡೆಯ ಬಸ್ಸಿನವರೆಗೆ ಗಿರಿಜಕ್ಕ ರಸ್ತೆಯಲ್ಲಿ ನಿಂತರು. ಮರುದಿನ ಅಮ್ಮ ಅವರ ಜೊತೆ ಉಡುಪಿಗೆ ಹೋದರು. ಪ್ರೆಸ್ಸಿನ ಬಾಗಿಲಿಗೆ ಬೀಗ, ಬೀಗದ ಮೇಲೆ ಅರಗಿನ ಮುದ್ರೆ. ಪಕ್ಕದ ಸೈಕಲ್ ಅಂಗಡಿಯವನು ಚಕ್ರದ ಗಾಳಿ ನೋಡುತ್ತಾ, ತಲೆ ಎತ್ತದೆ ಹೇಳಿದನಂತೆ: "ನಿನ್ನೆ ಜೀಪು ಬಂದಿತ್ತು. ಯಜಮಾನರನ್ನೂ, ಒಳಗೆ ಕೆಲಸ ಮಾಡುವವನನ್ನೂ ಕರಕೊಂಡು ಹೋದರು. ಎಂತದೋ ಹ್ಯಾಂಡ್‌ಬಿಲ್ಲು ಅಚ್ಚಾಗಿತ್ತಂತೆ. ನನ್ನಲ್ಲಿ ಕೇಳಬೇಡಿ ಬಾಯಮ್ಮ." ನಮ್ಮಂಥ ಕ್ರಿಶ್ಚಿಯನ್ನರ ಮನೆಯ ಹೆಂಗಸರನ್ನು ಊರವರು ಕರೆಯುವುದು ಬಾಯಮ್ಮ ಎಂದೇ.

ಸ್ಟೇಶನ್ನಿನಲ್ಲಿ ಅಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದರು. ಅಮ್ಮ ಅದನ್ನು ಹೇಳುವಾಗ ಗಿರಿಜಕ್ಕ ನಮ್ಮ ಜಗಲಿಯ ಕಂಬಕ್ಕೆ ಒರಗಿ ಚಪ್ಪಲಿಯನ್ನೂ ತೆಗೆಯದೆ ಕೂತಿದ್ದರು. ನನ್ನ ಕಡೆ ತಿರುಗಿದರು.

"ಸಿಸಿಲಿ, ಇವತ್ತಿನ ಪೇಪರು ಬಂದಿದೆಯಾ? ಹಿಡಿದವರ ಹೆಸರು ಬರ್ತದಲ್ಲ, ಓದು."

ಓದಿದೆ. ಬಂದಿರಲಿಲ್ಲ.

ಅಂದಿನಿಂದ ಪೇಪರು ಓದುವ ರೀತಿಯೇ ಬದಲಾಯಿತು. ಬಂಗುಡೆಯ ಕ್ರಯ ಯಾರೂ ಕೇಳುತ್ತಿರಲಿಲ್ಲ. ಮೊದಲ ಪುಟದ ಮೊದಲ ಸಾಲಿನಿಂದ ಕೊನೆಯ ಪುಟದ ಕೆಳಗೆ ಅಚ್ಚು ಹಾಕಿದವರ ಹೆಸರಿನವರೆಗೆ ಒಂದನ್ನೂ ಬಿಡದೆ ಓದಬೇಕು. ತಲೆನೋವಿನ ಮಾತ್ರೆಯ ಜಾಹೀರಾತು, ಕಳೆದುಹೋದ ದನದ ಪ್ರಕಟಣೆ, ಟೆಂಡರು. ಗಿರಿಜಕ್ಕನ ಕೈ ಎಲೆ ಸುತ್ತುತ್ತಾ ಇರುತ್ತಿತ್ತು, ಕಣ್ಣು ನನ್ನ ಬಾಯಿಯ ಮೇಲೆ. ಓದಿ ಮುಗಿದಾಗ ಕೇಳುತ್ತಿದ್ದರು: "ಅಷ್ಟೆಯಾ?"

"ಅಷ್ಟೆ ಗಿರಿಜಕ್ಕ."

ಪೇಪರಿನ ಪ್ರಕಾರ ಜಿಲ್ಲೆಯಲ್ಲಿ ಯಾರನ್ನೂ ಹಿಡಿದಿರಲಿಲ್ಲ. ಎಲ್ಲ ಕಡೆ ಶಾಂತಿ ಇತ್ತು.

ಒಂದು ದಿನ ಗಿರಿಜಕ್ಕ ಮಧ್ಯಾಹ್ನ ಬರಲಿಲ್ಲ. ಹಿಂದಿನ ಸಂಜೆ, ಮನೆಯಲ್ಲಿ ಬೇಕು ಎಂದು ಹೇಳಿ, ನಾಲ್ಕಾರು ದಿನಗಳ ಪೇಪರನ್ನು ನಮ್ಮಲ್ಲಿಂದ ಒಯ್ದಿದ್ದರು. ಕತ್ತಲಾಗುವ ಹೊತ್ತಿಗೆ ಕಾರ್ಕಳದ ಕಡೆಯಿಂದ ಬಂದು, ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದರು. ಕಾರ್ಕಳದಲ್ಲಿ ಅವರ ಅಣ್ಣ ಕಲ್ಲಿನ ಕೋರೆಯೊಂದರಲ್ಲಿ ಲೆಕ್ಕ ಬರೆಯುವ ರೈಟರು. ಓದು ಬರಹ ಬಲ್ಲವರು. ಕಂಕುಳಲ್ಲಿದ್ದ ಪೇಪರಿನ ಕಟ್ಟನ್ನು ನನ್ನ ಮುಂದೆ ಇಟ್ಟರು.

"ಅಣ್ಣನಿಂದ ಓದಿಸಿದೆ" ಎಂದರು. "ನೀನು ಓದಿದ್ದನ್ನೇ ಓದಿದ."

ನನಗೆ ಕೂಡಲೇ ಅರ್ಥವಾಗಲಿಲ್ಲ. ಅಮ್ಮನಿಗೆ ಆಯಿತು. "ಹುಡುಗಿ ನಿನ್ನಿಂದ ಮುಚ್ಚಿಡ್ತಾಳೆ ಅಂತ ಗ್ರಹಿಸಿದೆಯಾ ಗಿರಿಜಾ?"

"ಕೆಟ್ಟದು ಏನಾದರೂ ಬಂದಿದ್ದರೆ ನನ್ನ ಬೇಸರ ನೋಡ್ಲಿಕ್ಕಾಗದೆ ಬಿಟ್ಟು ಓದ್ತಾಳೋ ಅಂತ." ಅವರ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಹಾಗೆ ಇದ್ದಿದ್ದರೆ ಒಳ್ಳೆಯದಿತ್ತು. ಎಂತದಾದರೂ ಬಂದಿದೆ ಅಂತ ಆಗ್ತಿತ್ತು."

ಅಮ್ಮ ಒಳಗೆ ಹೋಗಿ ಚಾ ಮಾಡಿ ತಂದರು. ಕುಡಿದಾದ ಮೇಲೆ ಗಿರಿಜಕ್ಕ ನನ್ನನ್ನು ಕೇಳಿದರು: "ಅವರ ಹೆಸರು ಹೇಗೆ ಬರೆಯುವುದು? ಅದೊಂದು ಕಲಿಸು."

ಬಿದಿರ ಕಡ್ಡಿಯಿಂದ ಅಂಗಳದ ಮರಳಿನಲ್ಲಿ ಬರೆದು ತೋರಿಸಿದೆ. ಸಂ. ಜೀ. ವ. ಸೊನ್ನೆ ಎಲ್ಲಿಡುವುದು, ಜೀಯ ದೀರ್ಘ ಹೇಗೆ ಎಳೆಯುವುದು. ಪೂರ್ತಿ ಅಕ್ಷರಮಾಲೆ ಕಲಿಸುತ್ತೇನೆ ಎಂದೆ. ಅವರಿಗೆ ಅದು ಬೇಡವಾಗಿತ್ತು. ಮೂರಕ್ಷರ ಸಾಕು. ಎರಡು ಮೂರು ದಿನಗಳಲ್ಲಿ ಕಲಿತರು. ಆಮೇಲೆ ನಾನು ಓದಿ ಮುಗಿಸಿದ ಪೇಪರನ್ನು ನೆಲದಲ್ಲಿ ಹರಡಿ, ಬೆರಳಿಟ್ಟು ಕಾಲಮ್ಮಿನಿಂದ ಕಾಲಮ್ಮಿಗೆ ಇಳಿಯುವುದು ಅವರ ರೂಢಿಯಾಯಿತು. ಸೊನ್ನೆ ಇರುವ ಸ ಸಿಕ್ಕಿದಲ್ಲಿ ಬೆರಳು ನಿಲ್ಲುತ್ತಿತ್ತು.

"ಇದು?"

"ಸಂಸತ್ತು."

"ಇದು?"

"ಸಂತೋಷ. ಮಂತ್ರಿಗಳಿಗೆ ಸಂತೋಷವಾಯಿತಂತೆ."

ಬೆರಳು ಮುಂದೆ ಹೋಗುತ್ತಿತ್ತು. ಹೊಗೆಸೊಪ್ಪಿನ ಪುಡಿ ಅಂಟಿದ ಬೆರಳು ಹೋದಲ್ಲೆಲ್ಲ ತೆಳು ಕಂದು ಗೆರೆ ಮೂಡುತ್ತಿತ್ತು.

ಇದರ ನಡುವೆ ಕಮಲಕ್ಕನಿಗೆ ಗದ್ದೆ ಸಿಕ್ಕಿತು. ಅವರ ಗಂಡನ ಕಾಲದಿಂದ ಗೇಣಿಗೆ ಮಾಡಿಕೊಂಡು ಬಂದ ಗದ್ದೆ. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಅವರೇ ಉಳುಮೆ, ಬಿತ್ತನೆ ಮಾಡಿಸಿದ್ದರು. ಧಣಿಯ ಮನೆಗೆ ಅಕ್ಕಿ ಅಳೆಯಲು ಹೋದಾಗ ಅಂಗಳದಾಚೆ ನಿಲ್ಲುತ್ತಿದ್ದ ಹೆಂಗಸು. ಉಳುವವರಿಗೇ ಗದ್ದೆ ಎಂಬ ಹೊಸ ಕಾನೂನಿನಲ್ಲಿ ಡಿಕ್ಲರೇಶನ್ ಅರ್ಜಿ ಕೊಟ್ಟಿದ್ದರು. ಉಡುಪಿಯಲ್ಲಿ ಸಭೆ ಮಾಡಿ ಮಂತ್ರಿಗಳ ಕೈಯಿಂದ ಹಕ್ಕುಪತ್ರ ಕೊಡಿಸಿದರು. ಹಸಿರು ಸೀರೆ ಉಟ್ಟು ಹೋಗಿದ್ದರು ಕಮಲಕ್ಕ. ಮಾರನೆಯ ದಿನದ ಪೇಪರಿನಲ್ಲಿ ಫೋಟೋ ಬಂತು. ಮಂತ್ರಿಗಳ ಮುಖ ಸ್ಪಷ್ಟ ಇತ್ತು, ಕಮಲಕ್ಕನದ್ದು ಅರ್ಧ. ಕೆಳಗೆ ಹೆಸರು, ಊರು.

ಅವತ್ತು ಅಬ್ಬಾಸ್ ಬ್ಯಾರಿಗಳೇ ಪೇಪರು ಹಿಡಿದುಕೊಂಡು ಬಂದರು. ಅಮ್ಮ ಬೆಲ್ಲದ ಚಾ ಮಾಡಿದರು. ನಾನು ಆ ಸಾಲುಗಳನ್ನು ಎರಡೆರಡು ಸಲ ಓದಿದೆ. ಕಮಲಕ್ಕ ಸೆರಗಿನಲ್ಲಿ ಕಣ್ಣು ಒರೆಸುತ್ತಾ ನಗುತ್ತಿದ್ದರು. ಗಿರಿಜಕ್ಕ ಎಲ್ಲರ ಕೈ ದಾಟಿದ ಮೇಲೆ ಪೇಪರು ತೆಗೆದುಕೊಂಡು ಎಂದಿನಂತೆ ನೆಲದಲ್ಲಿ ಹರಡಿದರು. ಬೆರಳು ಕೆಳಗಿಳಿಯಿತು. ಎಲ್ಲ ಪುಟ ಆದ ಮೇಲೆ ಮಡಚಿದರು.

"ನಿಮ್ಮ ಹೆಸರು ಬಂತು ಕಮಲಕ್ಕ" ಎಂದರು. "ಅದೇ ಪೇಪರಿನಲ್ಲಿ ಅವರದ್ದು ಬರುವುದಿಲ್ಲ, ಅಲ್ವಾ?"

ಕಮಲಕ್ಕನ ನಗು ನಿಂತಿತು. "ನಾನು ಎಂತ ಮಾಡಲಿ ಗಿರಿಜಾ? ಪೇಪರಿನಲ್ಲಿ ಬರುವುದೆಲ್ಲ ಸುಳ್ಳು ಅಂತ ಹೇಳಲಾ? ಗದ್ದೆ ಉಂಟಲ್ಲ. ಬೇಕಾದರೆ ಬಂದು ನೋಡು."

"ಸುಳ್ಳು ಅಂತ ಹೇಳಲಿಲ್ಲ ನಾನು."

"ಮತ್ತೆ?"

"ಗದ್ದೆಯೂ ಉಂಟು. ಅವರು ಇಲ್ಲದ್ದೂ ಉಂಟು."

ಅಬ್ಬಾಸ್ ಬ್ಯಾರಿಗಳು ಚಾದ ಲೋಟ ಇಟ್ಟು, ಬ್ರಾಂಚಿನಲ್ಲಿ ಯಾರೂ ಇಲ್ಲವೆಂದು ಎದ್ದು ಹೋದರು. ಮೂವರೂ ಗೆರಸೆ ಎತ್ತಿಕೊಂಡರು. ಕಮಲಕ್ಕ ಆಮೇಲೆ ಒಂದು ವಾರ ನಮ್ಮ ಜಗಲಿಗೆ ಬರಲಿಲ್ಲ. ವಾರ ಕಳೆದು ತಾವಾಗಿಯೇ ಬಂದು, ಗಿರಿಜಕ್ಕನ ಪಕ್ಕ ಕೂತು, ಅವರ ಗೆರಸೆಯಿಂದ ನೂಲು ಎಳೆದುಕೊಂಡರು. ಅದರ ಬಗ್ಗೆ ಮತ್ತೆ ಮಾತು ಬರಲಿಲ್ಲ. ಆ ವರ್ಷದಿಂದ ಹೊಸ ಅಕ್ಕಿಯಾದಾಗ ಬೈಹುಲ್ಲಿನಲ್ಲಿ ಕಟ್ಟಿದ ಒಂದು ಮುಡಿಯಲ್ಲಿ ಪಾಲು ತೆಗೆದು ಗಿರಿಜಕ್ಕನ ಮನೆಗೆ ಹೊತ್ತು ತರುತ್ತಿದ್ದರು.

ಬೇಸಗೆಯಲ್ಲಿ ಪ್ರೆಸ್ಸಿನ ಯಜಮಾನರು ಬಿಡುಗಡೆಯಾಗಿ ಬಂದಿದ್ದಾರೆ ಎಂದು ಸುದ್ದಿಯಾಯಿತು. ಅದೂ ಬಾಯಿಯಿಂದ ಬಾಯಿಗೆ. ಅವರ ಮನೆ ಮಣಿಪಾಲದಲ್ಲಿ. ಗಿರಿಜಕ್ಕ ನನ್ನನ್ನು ಜೊತೆಗೆ ಕರೆದರು. ಯಜಮಾನರು ಒಳಕೋಣೆಯಲ್ಲಿ ಶಾಲು ಹೊದ್ದು ಮಲಗಿದ್ದರು. ಆ ಸೆಕೆಯಲ್ಲಿ ಶಾಲು. ಅವರ ಹೆಂಡತಿ ಬಾಗಿಲು ಮುಚ್ಚಿದ ಮೇಲೆಯೇ ಅವರು ಬಾಯಿ ತೆರೆದದ್ದು.

"ನಮ್ಮನ್ನು ಕೊನೆಯವರೆಗೆ ಒಟ್ಟಿಗೆ ಇಡಲಿಲ್ಲ. ನಾಲ್ಕು ದಿನ ಒಂದು ಕಡೆ ಇದ್ದೆವು, ಆಮೇಲೆ ಅವನನ್ನು ಘಟ್ಟದ ಮೇಲಿನ ಜೈಲಿಗೆ ಕೊಂಡುಹೋದರು. ಅಲ್ಲಿಂದಲೂ ಬದಲಿಸಿದ್ದಾರೆ ಅಂತ ಕೇಳಿದೆ. ನನಗೆ ಮೈ ಸರಿ ಇಲ್ಲ ಅಂತ ಬಿಟ್ಟರು."

"ಅವರು ಎಂತ ಮಾಡಿದ್ದು ಯಜಮಾನರೇ?"

"ಎಂತದೂ ಇಲ್ಲ. ನಾನು ಕೊಟ್ಟದ್ದನ್ನು ಜೋಡಿಸಿದ."

"ಆ ಕಾಗದದಲ್ಲಿ ಎಂತ ಇತ್ತು?"

ಯಜಮಾನರು ಗೋಡೆಯ ಕಡೆ ನೋಡಿದರು. "ಇಂಥಿಂಥವರನ್ನು ಹಿಡಿದಿದ್ದಾರೆ ಅಂತ ಹೆಸರುಗಳು. ಪೇಪರಿನಲ್ಲಿ ಬಾರದ ಹೆಸರುಗಳು. ಅಷ್ಟೆ."

ಬಸ್ಸಿನಲ್ಲಿ ಬರುವಾಗ ಗಿರಿಜಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಂಬಲಪಾಡಿ ದಾಟಿದ ಮೇಲೆ ಒಂದೇ ಮಾತು ಹೇಳಿದರು: "ಬೇರೆಯವರ ಹೆಸರು ಜೋಡಿಸಿದರು." ಯಜಮಾನರು ಅಂದಾಜಿನಲ್ಲಿ ಹೇಳಿದ ಎರಡು ಜೈಲುಗಳಿಗೂ ನಾನು ಕಾಗದ ಬರೆದೆ. ಉತ್ತರ ಬರಲಿಲ್ಲ. ತಲುಪಿತೋ, ತಲುಪಿ ನಿಂತಿತೋ ಗೊತ್ತಾಗಲಿಲ್ಲ.

ಆಟಿ ತಿಂಗಳ ಜಡಿಮಳೆಯಲ್ಲಿ ಅಪ್ಪಿಯಮ್ಮ ತೀರಿಕೊಂಡರು. ವಯಸ್ಸಾಗಿತ್ತು, ಕೆಮ್ಮು ಇತ್ತು. ಮಗ ಎಲ್ಲಿ ಎಂದು ಕೇಳುವುದನ್ನು ಅವರು ಕೆಲವು ತಿಂಗಳ ಹಿಂದೆಯೇ ಬಿಟ್ಟಿದ್ದರು. ಬೆಳಿಗ್ಗೆ ಗಂಜಿ ಕೊಡಲು ಹೋದಾಗ ಗಿರಿಜಕ್ಕನಿಗೆ ಗೊತ್ತಾದದ್ದು. ಕಟ್ಟಿಗೆ ಒದ್ದೆಯಾಗಿತ್ತು. ಕಮಲಕ್ಕ ತಮ್ಮ ಅಟ್ಟದಲ್ಲಿ ಮಳೆಗಾಲಕ್ಕೆ ಕೂಡಿಟ್ಟಿದ್ದ ಒಣ ತೆಂಗಿನ ಗೆರಟೆ, ಸೌದೆ ಎಲ್ಲವನ್ನೂ ಕಳಿಸಿದರು. ಕಾರ್ಕಳದ ಅಣ್ಣ ಬಂದು ಬೆಂಕಿ ಕೊಟ್ಟರು. ಗಿರಿಜಕ್ಕ ಅಳಲಿಲ್ಲ. ನಾನೂ ಅಳಲಿಲ್ಲ. ಆ ವರ್ಷ ಯಾಕೋ ನಮಗೆ ಯಾವುದೂ ಮೈಗೆ ತಾಗುತ್ತಿರಲಿಲ್ಲ. ಮಳೆಯಲ್ಲಿ ತುಂಬ ಹೊತ್ತು ನಿಂತ ಕಾಲಿನ ಹಾಗೆ.

ಕ್ರಿಯೆ ಮುಗಿದ ಮೇಲೆ ಗಿರಿಜಕ್ಕ ಅಮ್ಮನ ಹತ್ತಿರ ಬಂದರು. "ಬಾಯಮ್ಮ, ಜೈಲಿಗೆ ಪೇಪರು ಹೋಗ್ತದಂತೆ. ಅಣ್ಣ ಹೇಳಿದ. ಅತ್ತೆ ಹೋದದ್ದನ್ನು ಪೇಪರಿನಲ್ಲಿ ಹಾಕಿಸಿದರೆ ಅವರು ನೋಡಿಯಾರು."

ಅದಾಗಿ ಮೂರನೆಯ ದಿನ ಗಿರಿಜಕ್ಕ, ನಾನು ಉಡುಪಿಗೆ ಹೋದೆವು. ಪೇಪರಿಗೆ ಜಾಹೀರಾತು ತೆಗೆದುಕೊಳ್ಳುವ ಏಜಂಟರ ಅಂಗಡಿ ಒಂದು ಮಹಡಿಯ ಮೆಟ್ಟಿಲ ಕೆಳಗೆ ಇತ್ತು. ನಾನು ಬರೆದು ಒಯ್ದಿದ್ದೆ. ಏಜಂಟರು ಕನ್ನಡಕ ಏರಿಸಿ ಓದಿದರು. ಒಂದು ಕಡೆ ಪೆನ್ಸಿಲು ನಿಂತಿತು.

"'ಬಂಧನದಲ್ಲಿರುವ ಮಗ ಸಂಜೀವ.' ಇದು ಆಗುವುದಿಲ್ಲಮ್ಮ."

"ಇದ್ದದ್ದನ್ನೇ ಬರೆದದ್ದು" ಎಂದೆ ನಾನು.

"ಇದ್ದದ್ದು ಇರಬಹುದು. ಇದನ್ನು ಕಳಿಸಿದರೆ ಪೂರ್ತಿ ಪ್ರಕಟಣೆಯೇ ಹೋಗ್ತದೆ. ಆಮೇಲೆ ನನ್ನನ್ನು ಕೇಳ್ತಾರೆ. ನನಗೂ ಮಕ್ಕಳಿದ್ದಾರೆ." ಅವರು ಒಳ್ಳೆಯ ಮನುಷ್ಯರೇ. ಗಿರಿಜಕ್ಕನಿಗೆ ಕೂರಲು ಸ್ಟೂಲು ಕೊಟ್ಟಿದ್ದರು, ಕೊಡೆಯನ್ನು ತಾವೇ ತೆಗೆದು ಮೂಲೆಗೆ ಒರಗಿಸಿದ್ದರು. "ಬೇಡ ಅನ್ನುವುದಿಲ್ಲ. 'ಪರವೂರಿನಲ್ಲಿರುವ ಮಗ' ಅಂತ ಮಾಡುವ. ಬೊಂಬಾಯಿಯಲ್ಲಿ ಇದ್ದಾರೆ ಅಂತ ಗ್ರಹಿಸ್ತಾರೆ ಜನ."

ನಾನು ಗಿರಿಜಕ್ಕನ ಮುಖ ನೋಡಿದೆ. ಅವರು ಪೆನ್ಸಿಲನ್ನು ನೋಡುತ್ತಿದ್ದರು.

"ಹೆಸರು ತೆಗೀತೀರಾ?"

"ಇಲ್ಲ. ಹೆಸರು ಇರ್ತದೆ."

"ಹಾಗಾದರೆ ಆಗಬಹುದು."

ಪ್ರಕಟಣೆ ಬಂದ ದಿನ ಗಿರಿಜಕ್ಕ ಮಧ್ಯಾಹ್ನದವರೆಗೆ ಕಾಯಲಿಲ್ಲ. ಬ್ರಾಂಚ್ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದರಂತೆ. ಅಬ್ಬಾಸ್ ಬ್ಯಾರಿಗಳು ತಾವು ಓದದೆಯೇ ಪೇಪರನ್ನು ಅವರ ಕೈಗೆ ಕೊಟ್ಟು, ಇವತ್ತು ವಾಪಸು ತರಬೇಡಿ ಎಂದರಂತೆ. ನಮ್ಮ ಜಗಲಿಗೆ ಬಂದು ನೆಲದಲ್ಲಿ ಹರಡಿದರು. ನಾನು ತೋರಿಸಲು ಬಗ್ಗಿದೆ. ಬೇಡ ಎಂದು ಕೈ ಅಡ್ಡ ಹಿಡಿದರು. ಬೆರಳು ಕಾಲಮ್ಮುಗಳಲ್ಲಿ ಇಳಿಯುತ್ತಾ ಹೋಯಿತು. ನಾಲ್ಕನೆಯ ಪುಟದ ಕೆಳಗೆ, ಗೊಬ್ಬರದ ಜಾಹೀರಾತಿನ ಪಕ್ಕ, ನಿಂತಿತು.

"ಸಂ" ಎಂದರು. "ಜೀ. ವ."

ಕತ್ತರಿ ತಂದು, ಬೀಡಿ ಎಲೆ ಕತ್ತರಿಸುವಷ್ಟೇ ನೇರವಾಗಿ ಆ ಚೌಕವನ್ನು ಕತ್ತರಿಸಿಕೊಂಡರು. ಮೇಲೆ ಅಪ್ಪಿಯಮ್ಮನ ಹೆಸರಿತ್ತು. ಅದನ್ನು ಅವರಿಗೆ ನಾನೇ ಓದಿ ಹೇಳಬೇಕಾಯಿತು.

ಆ ದಿನದಿಂದ ಗಿರಿಜಕ್ಕ ಸ್ವಲ್ಪ ಸಮಾಧಾನವಾದ ಹಾಗೆ ಕಂಡರು. ಸಂಜೀವಣ್ಣನಿಗೆ ಗೊತ್ತಾಗಿದೆ ಎಂದು ನಂಬಿದರು. ನಾವೆಲ್ಲ ನಂಬಿದೆವು. "ಈಗ ನೋಡಿರಬಹುದು" ಎಂದು ಕಮಲಕ್ಕ ಹೇಳುತ್ತಿದ್ದರು. "ಒಂದು ಮೂಲೆಯಲ್ಲಿ ಕೂತು ಅತ್ತಿರಬಹುದು. ತಾಯಿ ಅಲ್ವಾ." ಪೇಪರು ಓದುವುದು ಮುಂದುವರಿಯಿತು. ಬೆರಳು ಹಿಂದಿನಷ್ಟು ಹುಡುಕುತ್ತಿರಲಿಲ್ಲ. ದೇಶದ ಸಂವಿಧಾನದಲ್ಲಿ ಹೊಸ ಶಬ್ದ ಸೇರಿಸುತ್ತಾರೆ, ಇನ್ನು ನಮ್ಮದು ಸಮಾಜವಾದಿ ಗಣರಾಜ್ಯ ಎಂಬ ಸುದ್ದಿ ಬಂದದ್ದು ಆ ವರ್ಷದ ಕೊನೆಗೆ.

"ಹಾಗೆಂದರೆ ಎಂತ?" ಎಂದು ಕಮಲಕ್ಕ ಕೇಳಿದರು.

"ಎಲ್ಲರೂ ಸಮ ಅಂತ."

"ಒಳ್ಳೆಯದೇ" ಎಂದರು ಕಮಲಕ್ಕ. ಆ ಶಬ್ದದಲ್ಲಿ ಸೊನ್ನೆ ಇರಲಿಲ್ಲ. ಗಿರಿಜಕ್ಕನ ಬೆರಳು ದಾಟಿ ಹೋಯಿತು.

ಚುನಾವಣೆ ನಡೆಯುತ್ತದೆ ಎಂದು ರೇಡಿಯೋ ಹೇಳಿದ ಕೆಲವು ದಿನಗಳಿಗೆ ಸಂಜೀವಣ್ಣ ಬಂದರು. ಮಧ್ಯಾಹ್ನ, ನಾವೆಲ್ಲ ಜಗಲಿಯಲ್ಲಿ ಇದ್ದೆವು. ಬೇಲಿಯ ತಡಮೆ ದಾಟಿ ಒಬ್ಬರು ಬರುವುದು ಕಂಡಿತು. ಹೆಗಲಲ್ಲಿ ಬಟ್ಟೆಯ ಚೀಲ. ಕೂದಲು ಪೂರ್ತಿ ಕತ್ತರಿಸಿತ್ತು. ಹತ್ತಿರ ಬರುವವರೆಗೆ ಗುರ್ತ ಸಿಗಲಿಲ್ಲ. ಗಿರಿಜಕ್ಕ ಗೆರಸೆ ಕೆಳಗಿಟ್ಟು ಎದ್ದು ನಿಂತರು, ಮುಂದೆ ಹೋಗಲಿಲ್ಲ.

ಸಂಜೀವಣ್ಣ ಅಂಗಳದಲ್ಲಿ ನಿಂತು ಎಲ್ಲರನ್ನೂ ನೋಡಿದರು. ಸಣ್ಣಗೆ ನಕ್ಕರು.

"ಮನೆಗೆ ಹೋದೆ. ಬಾಗಿಲು ಹಾಕಿತ್ತು" ಎಂದರು. "ಅಮ್ಮ ಎಲ್ಲಿಗೆ ಹೋದದ್ದು?"

ಅಮ್ಮ ಕೊರಳಿನ ಶಿಲುಬೆಯನ್ನು ಹಿಡಿದುಕೊಂಡರು. ಕಮಲಕ್ಕ ತಲೆ ತಗ್ಗಿಸಿದರು. ಸಂಜೀವಣ್ಣ ಮತ್ತೆ ಕೇಳಿದರು: "ಕಾರ್ಕಳಕ್ಕೆ ಹೋಗಿದ್ದಾರಾ?"

"ನೀವು ಪೇಪರು ನೋಡಲಿಲ್ಲವಾ?" ಎಂದರು ಗಿರಿಜಕ್ಕ. ಹದಿನಾಲ್ಕು ತಿಂಗಳ ಮೇಲೆ ಗಂಡನಿಗೆ ಹೇಳಿದ ಮೊದಲ ಮಾತು.

"ಯಾವ ಪೇಪರು?"

"ನಮ್ಮ ಪೇಪರು. ಇಲ್ಲಿಯದು."

"ಇಲ್ಲಿಯ ಪೇಪರು ಘಟ್ಟದ ಮೇಲೆ ಎಲ್ಲಿ ಬರ್ತದೆ? ಅಲ್ಲಿಯದೇ ಬೇರೆ. ಅದೂ ಕತ್ತರಿಸಿ ಕೊಡುತ್ತಿದ್ದರು, ನಡುವೆ ಕಿಟಕಿ ಕಿಟಕಿ." ಅವರ ನಗು ಇನ್ನೂ ಮುಖದ ಮೇಲಿತ್ತು. ನಿಧಾನವಾಗಿ ಹೋಯಿತು. "ಎಂತ ಬಂದಿತ್ತು ಅದರಲ್ಲಿ?"

ಗಿರಿಜಕ್ಕ ತಮ್ಮ ಮನೆಗೆ ಹೋಗಿ ಬೀಗ ತೆಗೆದರು. ಸಂಜೀವಣ್ಣ ಹಿಂದೆಯೇ ಹೋದರು. ನಾವು ಹೋಗಲಿಲ್ಲ. ಆದರೆ ಬೇಲಿಯಾಚೆ ಎಲ್ಲ ಕಾಣುತ್ತಿತ್ತು. ಅವರು ಒಳಗಿನಿಂದ ಆ ಚೌಕದ ಕಾಗದ ತಂದು ಗಂಡನ ಕೈಗೆ ಕೊಟ್ಟರು. ಸಂಜೀವಣ್ಣ ಹೊಸ್ತಿಲಲ್ಲಿ ನಿಂತು, ಬೆಳಕಿಗೆ ಹಿಡಿದು ಓದಿದರು. ಎರಡೇ ಸಾಲು. ಬಹಳ ಹೊತ್ತು ಓದಿದರು. ಆಮೇಲೆ ಚೀಲವನ್ನು ಹೆಗಲಿನಿಂದ ಇಳಿಸದೆಯೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಗಿರಿಜಕ್ಕ ಪಕ್ಕದಲ್ಲಿ ಕೂತರು. ಆಗ ಅತ್ತರು ಗಿರಿಜಕ್ಕ. ಅಪ್ಪಿಯಮ್ಮನಿಗೋ, ಆ ಕಾಗದ ಎಲ್ಲಿಗೂ ತಲುಪಲಿಲ್ಲವೆಂದೋ, ಯಾವುದಕ್ಕೆಂದು ಹೇಳಲಾರೆ. ದನಿ ನಮ್ಮ ಜಗಲಿಯವರೆಗೆ ಕೇಳಿತು. ಅಮ್ಮ ಒಳಗೆ ಹೋಗಿ ಅನ್ನಕ್ಕೆ ಇನ್ನಷ್ಟು ಅಕ್ಕಿ ಹಾಕಿದರು.

ಮಾರ್ಚಿನಲ್ಲಿ ಸರ್ಕಾರ ಬಿದ್ದಿತು. ಪೇಪರಿಗೆ ಮಾತು ಬಂತು. ದಿನಕ್ಕೊಂದು ಜೈಲಿನ ಕಥೆ, ಬಿಡುಗಡೆಯಾದವರ ಮೆರವಣಿಗೆ, ಹಾರ ಹಾಕಿದ ಫೋಟೋ. ಓದಿ ಓದಿ ನನಗೆ ಗಂಟಲು ನೋಯುತ್ತಿತ್ತು. ಇದೆಲ್ಲ ನಿಜವೇ, ಆಗ ಎಲ್ಲಿತ್ತು ಎಂದು ಕಮಲಕ್ಕ ಪ್ರತಿದಿನ ಕೇಳುತ್ತಿದ್ದರು. ಒಂದು ದಿನ ಸಂಜೀವಣ್ಣನನ್ನು ಹುಡುಕಿಕೊಂಡು ಉಡುಪಿಯಿಂದ ಒಬ್ಬ ಯುವಕ ಬಂದ. ಪೇಪರಿಗೆ ಬರೆಯುವವನಂತೆ. ಜುಬ್ಬಾ ಹಾಕಿದ್ದ, ಮರ್ಯಾದೆಯಿಂದ ಮಾತಾಡುತ್ತಿದ್ದ.

"ನಿಮ್ಮಂಥವರ ತ್ಯಾಗ ಜನರಿಗೆ ಗೊತ್ತಾಗಬೇಕು. ಹೆಸರು, ಊರು, ಎಷ್ಟು ಕಾಲ ಇದ್ದಿರಿ, ಏನೇನು ಅನುಭವಿಸಿದಿರಿ ಹೇಳಿ."

"ನಾನು ಎಂತದೂ ಮಾಡಲಿಲ್ಲ" ಎಂದರು ಸಂಜೀವಣ್ಣ. "ಕೊಟ್ಟದ್ದನ್ನು ಜೋಡಿಸಿದೆ. ನಮ್ಮ ಕೆಲಸ ಅದು."

"ಹೆಸರನ್ನಾದರೂ ಹಾಕುವ. ಇಂದಿನ ಕಾಲದಲ್ಲಿ ಅದು ಗೌರವ."

ಸಂಜೀವಣ್ಣ ಹೆಂಡತಿಯ ಕಡೆ ನೋಡಿದರು. ಗಿರಿಜಕ್ಕ ಬಾಗಿಲಲ್ಲಿ ಒದ್ದೆ ಎಲೆಯ ಕಟ್ಟು ಬಿಚ್ಚುತ್ತಿದ್ದರು.

"ಹಾಕುವುದು ಬೇಡ" ಎಂದರು. "ಕಾಯುವಾಗ ಹೆಸರು ಬರಲಿಲ್ಲ. ಈಗ ಮನೆಯಲ್ಲೇ ಇದ್ದಾರಲ್ಲ."

ಯುವಕ ಇನ್ನೇನೋ ಹೇಳಲು ಹೊರಟ. ಗಿರಿಜಕ್ಕ ಎದ್ದು, ಅವನಿಗೆ ಚಾ ಕೊಟ್ಟರು. ಕುಡಿದು ಅವನು ಹೋದ. ವಾರದ ಮೇಲೆ ನಮ್ಮ ಭಾಗದವರ ಹೆಸರುಗಳು ಪೇಪರಿನಲ್ಲಿ ಬಂದವು. ಪ್ರೆಸ್ಸಿನ ಯಜಮಾನರದ್ದು ಮೊದಲನೆಯ ಸಾಲಿನಲ್ಲಿ ಇತ್ತು. ಜಗಲಿಯಲ್ಲಿ ಕೂತು ನಾನು ಅಷ್ಟನ್ನೂ ಜೋರಾಗಿ ಓದಿದೆ. ಗಿರಿಜಕ್ಕ ಪೇಪರು ಕೇಳಲಿಲ್ಲ. ಸಂಜೆಯಾಗುತ್ತಾ ಬಂದಿತ್ತು, ಕಟ್ಟುಗಳನ್ನು ಬ್ರಾಂಚಿಗೆ ಮುಟ್ಟಿಸಬೇಕಿತ್ತು. ಕಟ್ಟಿದ ಬೀಡಿಯನ್ನು ಅದೇ ಪೇಪರಿನಲ್ಲಿ ಸುತ್ತಿ, ತಲೆಯ ಮೇಲಿಟ್ಟುಕೊಂಡು ಹೊರಟರು.